ಗಣಿತದ ಮೇಡಂ ಮುಚ್ಚಿಟ್ಟ ಉಗುರು

ನಮ್ಮ ಗಣಿತದ ಮೇಡಂ ತೀರಿಕೊಂಡ ದಿನ ದುರ್ಗಿಗುಡಿಯ ಅವರ ಮನೆಗೆ ಬಂದವರೆಲ್ಲ ಕ್ಯಾನ್ಸರನ್ನು ಬೈದು ಹೋದರು. ಹಾಳು ಕಾಯಿಲೆ, ಶತ್ರುವಿಗೂ ಬರಬಾರದು, ಎಂಥ ಹೆಂಗಸನ್ನು ಹೇಗೆ ಮಾಡಿಬಿಡ್ತು ಅಂತ. ನಾನು ಮಾತ್ರ ಒಳಗೊಳಗೇ ಬೈದದ್ದು ಅವರನ್ನೇ. ಇವತ್ತಿಗೂ ಬೈಯುತ್ತೇನೆ. ಯಾಕೆಂದರೆ ಅವರನ್ನು ಒಯ್ದದ್ದು ಕ್ಯಾನ್ಸರ್ ಅಲ್ಲ. ಎದೆಯ ಗಡ್ಡೆ ಔಷಧಿಗೆ ಬಗ್ಗಿತ್ತು, ಅರ್ಧಕ್ಕರ್ಧ ಕರಗಿತ್ತು. ಅವರನ್ನು ಒಯ್ದದ್ದು ಬೆರಳ ತುದಿಯ ಉಗುರು, ಮತ್ತೆ ಆ ಉಗುರನ್ನು ಡಾಕ್ಟರಿಗೆ ತೋರಿಸದೆ ಮುಚ್ಚಿಟ್ಟ ಅವರ ಹಟ.

ಹೆಸರು ಬರೆಯಬೇಡಿ ಟೀಚರ್ ಅಂತ ಅವರ ಯಜಮಾನರು ಕೇಳಿಕೊಂಡಿದ್ದಾರೆ. ಬರೆದರೂ ಭದ್ರಾವತಿಯಲ್ಲಿ ಯಾರಿಗೂ ಗುರುತು ಹತ್ತಲಿಕ್ಕಿಲ್ಲ. ಅಲ್ಲಿ ಅವರನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಗಣಿತದ ಮೇಡಂ ಅಂದರೆ ಅವರೊಬ್ಬರೇ. ನಮ್ಮ ಹೈಸ್ಕೂಲಿನಲ್ಲಿ ಅವರಾದ ಮೇಲೆ ಗಣಿತಕ್ಕೆ ಬಂದವರನ್ನು ಮಕ್ಕಳು ಇನ್ನೂ ಹೊಸ ಮೇಡಂ ಅಂತಲೇ ಕರೆಯುತ್ತಾರೆ.

ನಾನು ವಿನೋಬನಗರದವಳು, ಕನ್ನಡ ಟೀಚರ್. ಅವರು ದುರ್ಗಿಗುಡಿಯಿಂದ ನಡೆದುಕೊಂಡೇ ಬಸ್ ಸ್ಟ್ಯಾಂಡಿಗೆ ಬರುತ್ತಿದ್ದರು. ವರ್ಷಾನುಗಟ್ಟಲೆ ಒಂದೇ ಭದ್ರಾವತಿ ಬಸ್ಸು, ಡ್ರೈವರ್ ಹಿಂದಿನ ಒಂದೇ ಸೀಟು. ಹಣೆಯ ಮೇಲೆ ಮೂರು ಬೆರಳ ವಿಭೂತಿ, ಕುತ್ತಿಗೆಯಲ್ಲಿ ಲಿಂಗದ ಕರಡಿಗೆ, ತೊಡೆಯ ಮೇಲೆ ಮಕ್ಕಳ ನೋಟ್ಸು. ಬಸ್ಸು ಎಷ್ಟು ಕುಲುಕಾಡಿದರೂ ಅವರ ಕೆಂಪು ಪೆನ್ನು ಗೆರೆ ತಪ್ಪುತ್ತಿರಲಿಲ್ಲ. ಬಸ್ಸಿನಲ್ಲಾದರೂ ಸ್ವಲ್ಪ ಕಿಟಕಿ ಆಚೆ ನೋಡಿ ಅಕ್ಕಾ ಅಂದರೆ, ಅಲ್ಲೇನಿದೆ ಮಾರಾಯ್ತಿ, ನಿನ್ನೆ ಇದ್ದ ಗದ್ದೆಯೇ ಇವತ್ತೂ ಇದೆ ಅನ್ನುತ್ತಿದ್ದರು. ಸ್ಕೂಲಿನಲ್ಲಿ ಅವರು ನನಗೆ ಮೇಡಂ, ಬಸ್ ಹತ್ತಿದ ಮೇಲೆ ಅಕ್ಕ. ಅವರಿಗೆ ನಾನು ಎರಡೂ ಕಡೆ ಮಾರಾಯ್ತಿಯೇ.

ಅವರ ಬಾಯಲ್ಲಿ ಒಂದು ಮಾತಿತ್ತು: ಮೊದಲಿಂದ. ಲೆಕ್ಕದಲ್ಲಿ ಎಲ್ಲೋ ಮಧ್ಯದ ಹೆಜ್ಜೆ ತಪ್ಪಿದರೆ ಆ ಒಂದು ಸಾಲು ಹೊಡೆದು ಹಾಕಿ ಸರಿಮಾಡಿಕೊಳ್ಳೋದಕ್ಕೆ ಅವರು ಬಿಡುತ್ತಿರಲಿಲ್ಲ. ಇಡೀ ಲೆಕ್ಕ ಮೊದಲಿಂದ ಮಾಡಬೇಕು. ನಮ್ಮದು ಕಾರ್ಖಾನೆ ಕಡೆಯ ಸ್ಕೂಲು, ಅರ್ಧ ಮಕ್ಕಳ ಮನೆಯಲ್ಲಿ ತಮಿಳು, ಕಾಲು ಭಾಗದ ಮನೆಯಲ್ಲಿ ತೆಲುಗು. ಅದಕ್ಕೆ ಈಯಮ್ಮ ಆ ಒಂದು ಮಾತನ್ನು ಮೂರು ಭಾಷೆಯಲ್ಲೂ ಕಲಿತಿದ್ದರು. ಮೊದಲಿಂದ, ಮುದಲ್ಲೇರುಂದು, ಮೊದಟಿನುಂಚಿ. ಪಕ್ಕದ ಕ್ಲಾಸಿನಲ್ಲಿ ನಾನು ಪದ್ಯ ಓದಿಸುತ್ತಿರುವಾಗ ಗೋಡೆಯಾಚೆಯಿಂದ ಈ ಮೂರೂ ಒಂದರ ಹಿಂದೊಂದು ಬರುತ್ತಿದ್ದವು. ನನ್ನ ಮಕ್ಕಳು ಕಿಸಕ್ ಅನ್ನುತ್ತಿದ್ದರು. ನಾನೂ ನಕ್ಕಿದ್ದೇನೆ.

ಹಟಮಾರಿ ಅಂತ ಸ್ಟಾಫ್ ರೂಮಿನಲ್ಲಿ ಅವರಿಗೆ ಹೆಸರು. ಆದರೆ ಅದೇ ಹಟ ಒಂದು ಸಲ ನಮ್ಮೆಲ್ಲರ ಮಾನ ಉಳಿಸಿತು. ಸಕ್ರೆಬೈಲಿಗೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಆನೆ ಸ್ನಾನ ನೋಡಿದ್ದಾಯಿತು, ಚಿತ್ರಾನ್ನ ತಿಂದದ್ದಾಯಿತು, ಹೊರಡುವಾಗ ಅವರು ಬಸ್ಸಿನ ಬಾಗಿಲಲ್ಲಿ ನಿಂತು ಎಣಿಸುತ್ತಿದ್ದರು. ಮಧ್ಯದಲ್ಲಿ ಯಾರೋ ಹುಡುಗಿ ವಾಂತಿ ಅಂದಳು, ಎಣಿಕೆ ತಪ್ಪಿತು. ಎಲ್ಲರೂ ಇದ್ದಾರೆ ಬಿಡಿ ಮೇಡಂ, ಹೊರಡೋಣ ಅಂತ ಡ್ರೈವರೂ ಪಿ.ಟಿ. ಮೇಷ್ಟ್ರೂ ಗೋಗರೆದರು. ಕೇಳಲಿಲ್ಲ. ಎಲ್ಲರನ್ನೂ ಕೆಳಗಿಳಿಸಿ ಮೊದಲಿಂದ ಎಣಿಸಿದರು. ನೋಡಿದರೆ ಒಬ್ಬಳು ಕಮ್ಮಿ. ಆ ಪುಣ್ಯಾತ್ಗಿತ್ತಿ ತುಂಗೆಯ ದಡದಲ್ಲಿ ಮರಿ ಆನೆ ನೋಡುತ್ತಾ ಒಬ್ಬಳೇ ಕೂತಿದ್ದಳು. ವಾಪಸ್ ಬರುವಾಗ ಬಸ್ಸಿನಲ್ಲಿ ಯಾರೂ ಅವರನ್ನು ಆಡಿಕೊಳ್ಳಲಿಲ್ಲ.

ದೇವರ ವಿಷಯದಲ್ಲೂ ಹಾಗೇ. ಹದಿನಾರು ಸೋಮವಾರದ ವ್ರತ ಹಿಡಿದಿದ್ದರು ಒಂದು ವರ್ಷ. ಹಗಲೆಲ್ಲ ಉಪವಾಸ, ಸಂಜೆ ಪೂಜೆಯಾದ ಮೇಲೆ ಚೂರ್ಮದ ಪ್ರಸಾದ. ಮಕ್ಕಳಾಗಲಿ ಅಂತ ಇರಬೇಕು, ಕೇಳಿದವರಿಗೆ ಸುಮ್ಮನೆ ಅಂದಿದ್ದರು. ಕೊನೆಕೊನೆಗೆ ಬಂದಾಗ ಹೆಡ್‌ಮಾಸ್ಟರು ಮೊಮ್ಮಗ ಹುಟ್ಟಿದ ಖುಷಿಗೆ ಎಲ್ಲರ ಕೈಗೂ ಪೇಡ ಕೊಟ್ಟರು, ಇವರು ನೋಟ್ಸು ತಿದ್ದುವ ಗುಂಗಿನಲ್ಲಿ ಬಾಯಿಗೆ ಹಾಕಿಕೊಂಡುಬಿಟ್ಟರು. ಸೋಮವಾರ! ನುಂಗಿದ ಮೇಲೆ ನೆನಪಾಯಿತು. ಒಂದು ಕ್ಷಣ ಮುಖ ಕಪ್ಪಿಟ್ಟಿತು, ಆಮೇಲೆ ನಕ್ಕುಬಿಟ್ಟರು. ಮುಂದಿನ ಸೋಮವಾರದಿಂದ ಮತ್ತೆ ಒಂದನೆಯ ವಾರ. ನಾನು ಸಿಟ್ಟಾದೆ. ಒಂದು ಪೇಡಕ್ಕೆ ದೇವರೇನು ಅಷ್ಟು ಲೆಕ್ಕ ಇಡ್ತಾನಾ ಅಂದೆ.

"ದೇವರು ಇಡಲ್ಲ ಮಾರಾಯ್ತಿ," ಅಂದರು, "ನಾನು ಇಡ್ತೀನಲ್ಲ."

ಹೀಗಿದ್ದ ಹೆಂಗಸಿಗೆ ಎದೆಯಲ್ಲಿ ಗಡ್ಡೆ ಬಂತು. ರಿಟೈರ್ಮೆಂಟಿಗೆ ಇನ್ನು ಸ್ವಲ್ಪವೇ ಉಳಿದಿತ್ತು. ನನಗೆ ಹೇಳಿದ್ದು ಬಸ್ಸಿನಲ್ಲಿ, ಪರೀಕ್ಷೆಯ ಟೈಂಟೇಬಲ್ ಹೇಳುವ ದನಿಯಲ್ಲಿ. ಮೊದಲು ಔಷಧಿ ಏರಿಸುತ್ತಾರಂತೆ, ಗಡ್ಡೆ ಸಣ್ಣದಾದ ಮೇಲೆ ಆಪರೇಷನ್ ಅಂತೆ, ಮೂರು ವಾರಕ್ಕೊಂದರಂತೆ ಆರು ಸಲ. ನನಗೆ ಕಣ್ಣಲ್ಲಿ ನೀರು ಬಂತು. ಅವರು ನನ್ನ ತೊಡೆಯ ಮೇಲೆ ತಟ್ಟಿ, ಹದಿನಾರಲ್ಲ, ಆರೇ ಅಂತ ನಕ್ಕರು. ಆವತ್ತು ಅದು ತಮಾಷೆ ಅಂದುಕೊಂಡೆ.

ಅವರ ಯಜಮಾನರ ಬಗ್ಗೆ ಎರಡು ಮಾತು ಹೇಳಬೇಕು. ದುರ್ಗಿಗುಡಿಯಲ್ಲೇ ಫ್ಯಾನು, ಮಿಕ್ಸಿ ರಿಪೇರಿಯ ಸಣ್ಣ ಅಂಗಡಿ. ವೈರನ್ನು ಉಗುರಿನಲ್ಲೇ ಸುಲಿಯುವ ಮನುಷ್ಯ. ಮಾತು ಕಡಿಮೆ. ಮನೆಯಲ್ಲಿ ಹೆಂಡತಿ ಹೇಳಿದ್ದೇ ಕೊನೆ, ಅದರಲ್ಲಿ ಅವರಿಗೆ ಬೇಜಾರೂ ಇರಲಿಲ್ಲ. ಮಕ್ಕಳಿಲ್ಲದ ಮನೆ. ಇಬ್ಬರೂ ಬೆಳಿಗ್ಗೆ ಎದುರುಬದುರು ಕೂತು ಎಡಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡಿಕೊಂಡು, ಒಂದೇ ತಟ್ಟೆಯ ವಿಭೂತಿ ಹಚ್ಚಿಕೊಂಡು, ಅವರು ಅಂಗಡಿಗೆ, ಇವರು ಬಸ್ಸಿಗೆ. ಮುಂದೆ ನಾನು ಹೇಳೋದರಲ್ಲಿ ಬಹಳಷ್ಟು ಆಮೇಲೆ ಅವರು ನನ್ನ ಮುಂದೆ ಕೂತು ಹೇಳಿಕೊಂಡದ್ದು. ಪಾಪ, ಹೇಳುವಾಗ ಒಂದು ಸಲವೂ ತಲೆ ಎತ್ತಲಿಲ್ಲ.

ಮೊದಲ ಎರಡು ಸಲ ಔಷಧಿ ಏರಿದಾಗ ಎಲ್ಲರಿಗೂ ಆಗೋದು ಅವರಿಗೂ ಆಯಿತು. ಕೂದಲು ಹೋಯಿತು, ಬಾಯೆಲ್ಲ ಹುಣ್ಣು, ಒಗ್ಗರಣೆ ವಾಸನೆ ಬಂದರೆ ಹೊಟ್ಟೆ ತೊಳೆಸೋದು. ಎಲ್ಲಾ ಸಹಿಸಿದರು. ಬೋಳು ತಲೆಯ ಮೇಲೆ ಸೆರಗು ಹೊದ್ದು, ಈಗ ಎಣ್ಣೆ ಖರ್ಚು ಉಳೀತು ನೋಡು ಅನ್ನುತ್ತಿದ್ದರು. ಎರಡನೆಯದು ಆದಮೇಲೆ ಡಾಕ್ಟರು ಮುಟ್ಟಿ ನೋಡಿ, ಗಡ್ಡೆ ಮೆತ್ತಗಾಗ್ತಿದೆ, ಔಷಧಿ ಹಿಡಿದಿದೆ ಅಂದರಂತೆ. ಆ ದಿನ ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆಯಿಂದ ಬರುವಾಗ ಆಟೋ ನಿಲ್ಲಿಸಿ ಕಬ್ಬಿನ ಹಾಲು ಕುಡಿದರಂತೆ. ಬದುಕಬೇಕು ಅನ್ನೋ ಆಸೆ ಆವತ್ತು ಅವರಿಗೆ ಗಟ್ಟಿಯಾಯಿತು ಅಂತ ಕಾಣುತ್ತೆ. ಆಸೆ ಗಟ್ಟಿಯಾದದ್ದೇ ಭಯವೂ ಶುರುವಾಯಿತು.

ಮೂರನೆಯದಕ್ಕೆ ಹೋದಾಗ ಕಾಯುವ ಹಾಲಿನಲ್ಲಿ ಪಕ್ಕದಲ್ಲೊಬ್ಬ ಹೆಂಗಸು ಕೂತಿದ್ದಳಂತೆ. ಹೊಳೆಹೊನ್ನೂರು ಕಡೆಯವಳು. ಅವಳಿಗೆ ಮಧ್ಯದಲ್ಲಿ ಏನೋ ತೊಂದರೆಯಾಗಿ ಔಷಧಿ ನಿಲ್ಲಿಸಿದ್ದರಂತೆ, ಈಗ ಮತ್ತೆ ಒಂದನೆಯದರಿಂದ ಶುರು ಅಂತ ಅತ್ತಳಂತೆ. ಆ ಮಾತು ಇವರ ತಲೆಯಲ್ಲಿ ಹೋಗಿ ಕೂತುಬಿಟ್ಟಿತು. ಬೇರೆ ಯಾರಾದರೂ ಆಗಿದ್ದರೆ ಒಳಗೆ ಹೋಗಿ ಡಾಕ್ಟರನ್ನು ಕೇಳುತ್ತಿದ್ದರು. ಇವರು ಕೇಳಲಿಲ್ಲ. ಕೇಳೋದೇನಿದೆ, ಇವರಿಗೆ ಅದು ಗೊತ್ತಿದ್ದ ನಿಯಮವೇ ಅಲ್ಲವಾ. ಮಧ್ಯದಲ್ಲಿ ತಪ್ಪಿದರೆ ಆದದ್ದೆಲ್ಲ ಹೋಯಿತು, ಮತ್ತೆ ಒಂದರಿಂದ. ಎಷ್ಟು ಮಕ್ಕಳಿಗೆ ಹೇಳಿದ್ದರೋ ಏನೋ. ಈಗ ಆ ಮಾತು ತಮಗೇ ಬಂದು ಹತ್ತಿಕೊಂಡಿತು.

ಮೂರನೆಯದು ಆದ ಮೇಲೆ ಉಗುರಿನ ಬುಡದಲ್ಲಿ ಕಪ್ಪು ಗೆರೆ ಕಂಡಿತು. ಆಮೇಲೆ ಅದು ಇಡೀ ಉಗುರಿಗೆ ಹರಡಿತು, ಬಾಗಿಲ ಸಂದಿಗೆ ಸಿಕ್ಕಿ ಜಜ್ಜಿದ ಬೆರಳಿನ ಹಾಗೆ, ಹತ್ತಕ್ಕೆ ಹತ್ತೂ. ಮುಟ್ಟಿದರೆ ನೋವು. ಯಜಮಾನರು ಡಾಕ್ಟರಿಗೆ ತೋರಿಸೋಣ ಕಣೆ ಅಂದರು. ಇವರು ಬೇಡ ಅಂದರು. ಉಗುರು ನೋಡಿದರೆ ನಾಲ್ಕನೆಯದನ್ನು ಮುಂದೆ ಹಾಕುತ್ತಾರೆ, ಮುಂದೆ ಹಾಕಿದರೆ ತಪ್ಪಿತು, ತಪ್ಪಿದರೆ ಮೊದಲಿಂದ. ಆ ಮೂರನ್ನೂ ಇನ್ನೊಂದು ಸಲ ಪಡೋದಕ್ಕೆ ನನ್ನ ಕೈಲಾಗಲ್ಲ ರೀ, ನಡುವೆ ಸತ್ತುಹೋಗ್ತೀನಿ ಅಂತ ಅತ್ತರಂತೆ. ಮದುವೆಯಾದಾಗಿನಿಂದ ಹೆಂಡತಿ ಅತ್ತದ್ದನ್ನು ಕಾಣದ ಮನುಷ್ಯ ದಂಗಾಗಿಬಿಟ್ಟರು. ಮಾರನೆಯ ಬೆಳಿಗ್ಗೆ ಪೂಜೆಗೆ ಕೂತಾಗ, ಗಂಡನ ಕೈಯಲ್ಲಿ ಲಿಂಗ ಇರುವಾಗಲೇ, ಯಾರಿಗೂ ಹೇಳೋದಿಲ್ಲ ಅಂತ ಆಣೆ ಹಾಕಿಸಿಕೊಂಡರಂತೆ. ಆ ಮನುಷ್ಯ ಹಾಕಿದರು. ಲಿಂಗ ಹಿಡಿದು ಆಡಿದ ಮಾತು ಮುರಿಯೋದಕ್ಕೆ ಅವರಿಗೆ ಗೊತ್ತೇ ಇಲ್ಲ.

ನಾಲ್ಕನೆಯದಕ್ಕೆ ಹೋಗುವ ಹಿಂದಿನ ದಿನ ಗೋರಂಟಿ ಅರೆಸಿ ಬೆರಳಿನ ತುದಿಗೆಲ್ಲ ದಪ್ಪಗೆ ಹಚ್ಚಿಕೊಂಡರು. ಉಗುರಿನ ಕಪ್ಪು ಕೆಂಪಿನ ಅಡಿ ಮುಚ್ಚಿಹೋಯಿತು. ಆಸ್ಪತ್ರೆಯ ನರ್ಸಮ್ಮ ನೋಡಿ, ಏನಮ್ಮಾ ಇಷ್ಟು ಚೆನ್ನಾಗಿ ಕೆಂಪಾಗಿದೆ ಅಂದಳಂತೆ. ಮನೆಯಲ್ಲಿ ಮದುವೆ ಅಂದರಂತೆ ಈಯಮ್ಮ. ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವರು! ಓಣಿಯ ಹೆಂಗಸರು ಬೇರೆ ರೀತಿ ಮಾತಾಡಿಕೊಂಡರು. ತಲೆಯಲ್ಲಿ ಕೂದಲಿಲ್ಲ, ಬೆರಳಿಗೆ ಗೋರಂಟಿ ಶೋಕಿ ನೋಡು ಅಂತ. ಅದನ್ನು ನನ್ನ ಮುಂದೆಯೂ ಒಬ್ಬಳು ಅಂದಳು, ಅವಳಿಗೆ ಸರಿಯಾಗಿ ಹೇಳಿ ಕಳಿಸಿದೆ. ಪಾಪ, ಇಷ್ಟು ನೋವಲ್ಲೂ ಬಣ್ಣ ಬೇಕು ಅನ್ನಿಸಿದೆಯಲ್ಲ, ಬದುಕುವ ಲಕ್ಷಣ ಅಂತ ನಾನು ಸಂತೋಷಪಟ್ಟಿದ್ದೆ.

ನಾಲ್ಕನೆಯದೂ ಏರಿತು. ಮನೆಗೆ ಬಂದು ಗಂಡನ ಮುಂದೆ ನಾಲ್ಕು ಬೆರಳು ಎತ್ತಿ ತೋರಿಸಿದರಂತೆ, ಗೆದ್ದವರ ಹಾಗೆ.

ಅದಾದ ಕೆಲವೇ ದಿನಕ್ಕೆ ಉಗುರು ಬುಡದಿಂದ ಏಳೋದಕ್ಕೆ ಶುರುವಾಯಿತು. ಅಡಿಯಲ್ಲಿ ನೀರು, ಆಮೇಲೆ ಕೀವು, ವಾಸನೆ. ಉಗುರು ಅಂದರೆ ಏನು ಮಹಾ ಅಂತ ನಾವು ಅಂದುಕೊಂಡಿರುತ್ತೇವೆ. ಅದು ಹೋದ ಮೇಲೆ ಗೊತ್ತಾಗೋದು, ಬೆರಳಿಗೆ ಅದೇ ಬಲ ಅಂತ. ರವಿಕೆಯ ಹುಕ್ಕು ಹಾಕಲಾಗಲಿಲ್ಲ, ಯಜಮಾನರು ಹಾಕಿದರು. ಮಾತ್ರೆಯ ಪಟ್ಟಿ ಒಡೆಯಲಾಗಲಿಲ್ಲ. ಸೀರೆಯ ನೆರಿಗೆ ಹಿಡಿಯಲಾಗದೆ ನೈಟಿಯಲ್ಲೇ ಇದ್ದರು. ಅನ್ನ ಸಾರು ಕಲಸಿದರೆ ಖಾರ ಉಗುರಿನ ಅಡಿಗೆ ಹೋಗಿ ಜೀವ ಹೋಗುತ್ತಿತ್ತು, ಯಜಮಾನರೇ ತುತ್ತು ಮಾಡಿ ತಿನ್ನಿಸಿದರು. ಬೆಳಿಗ್ಗೆ ಲಿಂಗವನ್ನು ಅಂಗೈ ಮೇಲೆ ಇಡೋದೂ ಅವರೇ, ಎತ್ತೋದೂ ಅವರೇ. ಕೀವು ಬಂದ ಕೈಯಲ್ಲಿ ಹಿಡೀಬಹುದಾ ಅಂತ ಇವರು ಕೇಳಿದ್ದಕ್ಕೆ, ಲಿಂಗ ಕಟ್ಟಿದವರಿಗೆ ಎಂಥ ಮೈಲಿಗೆ ಅಂದರಂತೆ ಅವರು. ಆ ಮನೆಯಲ್ಲಿ ಆ ದಿನಗಳಲ್ಲಿ ನಡೆದ ಒಂದೇ ಸಮಾಧಾನದ ಮಾತು ಅದು.

ಅದು ಅವರೆಕಾಯಿ ಕಾಲ. ಮುಂಚೆಯೆಲ್ಲ ಈ ಕಾಲದಲ್ಲಿ ಅವರ ಡಬ್ಬಿಯಲ್ಲಿ ಹಿತಕವರೆ ಸಾರು ಇದ್ದೇ ಇರುತ್ತಿತ್ತು. ನೆನೆದ ಕಾಳನ್ನು ಚಿಟಿಕೆ ಹೊಡೆದ ಹಾಗೆ ಸಿಪ್ಪೆಯಿಂದ ಹಾರಿಸುತ್ತಿದ್ದರು, ನಾನು ಒಂದು ಹಿಡಿ ಹಿತಕುವುದರೊಳಗೆ ಅವರದು ಬೋಗುಣಿ ತುಂಬುತ್ತಿತ್ತು. ಮನಸ್ಸಿಗೆ ಹಿತ ಆಗಲಿ ಅಂತ ಒಂದು ದಿನ ನಾನು ಅವರೆಕಾಯಿ ಕಟ್ಟಿಸಿಕೊಂಡು ಹೋದೆ. ಹೊದ್ದ ಶಾಲಿನ ಒಳಗಿಂದ ಕೈ ಹೊರಗೆ ತೆಗೆಯಲೇ ಇಲ್ಲ. ಈ ಸಲ ಅವರೆಗೆ ಸೊಗಡೇ ಇಲ್ಲ ಮಾರಾಯ್ತಿ, ನೀನೇ ತಗೊಂಡು ಹೋಗು ಅಂದರು. ಕಾಯಿಗಳೋ, ಚೀಲ ಬಿಚ್ಚಿದರೆ ಮನೆ ತುಂಬ ಘಮ. ವಾಂತಿಯ ದೆಸೆಯಿಂದ ವಾಸನೆ ಆಗಿಬರುತ್ತಿಲ್ಲ ಅಂದುಕೊಂಡು ಚೀಲ ಎತ್ತಿಕೊಂಡು ಬಂದೆ.

ಅದರ ನಂತರದ ಭಾನುವಾರ ಮಧ್ಯಾಹ್ನ ಮತ್ತೆ ಹೋದೆ. ಬಾಗಿಲು ತೆಗೆದ ಯಜಮಾನರ ಮುಖ ನೋಡಿಯೇ ಹೆದರಿಕೆಯಾಯಿತು. ಏನಾಯಿತು ಅಂದರೆ ಮಾತಿಲ್ಲ, ಬಾಯಿ ತೆರೆಯುತ್ತಾರೆ, ಮುಚ್ಚುತ್ತಾರೆ. ಆಣೆ ಆಗಲೂ ಗಂಟಲಲ್ಲಿತ್ತು. ಸುಮ್ಮನೆ ಪಕ್ಕಕ್ಕೆ ಸರಿದು ನನ್ನನ್ನು ಒಳಗೆ ಬಿಟ್ಟರು. ಹೇಳಲಿಕ್ಕಾಗದ ಮನುಷ್ಯ ಅಷ್ಟಾದರೂ ಮಾಡಿದರು.

ಒಳಗೆ ಮಂಚದ ಮೇಲೆ ಅವರು ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದರು. ಬಲಗೈ ಕಂಬಳಿಯ ಮೇಲಿತ್ತು. ಮೂರು ಬೆರಳಿಗೆ ಮೂರು ನಿಂಬೆಹಣ್ಣು. ಉಗುರುಸುತ್ತಾದರೆ ನಿಂಬೆಹಣ್ಣಿಗೆ ತೂತು ಮಾಡಿ, ಅರಿಸಿನ ತುಂಬಿ, ಬೆರಳಿಗೆ ಸಿಕ್ಕಿಸಿಕೊಳ್ಳೋದು ನಮ್ಮ ಕಡೆ ಎಲ್ಲರ ಮನೆಯ ಮದ್ದು. ನಾನೂ ಸಣ್ಣವಳಿದ್ದಾಗ ಮಾಡಿಸಿಕೊಂಡಿದ್ದೇನೆ. ಆದರೆ ಇದು ಉಗುರುಸುತ್ತೇನಮ್ಮ? ಉಗುರು ಎದ್ದುಬಂದ ಹಸಿ ಮಾಂಸ ಅದು. ನಾನು ಒಂದು ಹಣ್ಣು ಮೆಲ್ಲಗೆ ತೆಗೆದೆ, ಅದರ ಜೊತೆಗೇ ಉಗುರು ಬಂತು. ಅವರು ಕಿರುಚಲಿಲ್ಲ. ಹಲ್ಲು ಕಚ್ಚಿಕೊಂಡು ಗೋಡೆ ಕಡೆ ತಿರುಗಿದರು. ಮೈ ಮುಟ್ಟಿದರೆ ಸುಡುತ್ತಿತ್ತು. ಕೈ ಮೊಣಕೈಯವರೆಗೆ ಕೆಂಪಗೆ ಊದಿತ್ತು.

ಜ್ವರ ಬಂದರೆ ಅರ್ಧ ಗಂಟೆ ಕೂಡ ಕಾಯಬೇಡಿ, ಓಡಿ ಬನ್ನಿ ಅಂತ ಆಸ್ಪತ್ರೆಯಲ್ಲಿ ಮೊದಲ ದಿನವೇ ಹೇಳಿದ್ದರು, ಜೊತೆಗೆ ಹೋಗಿದ್ದ ನಾನೂ ಕೇಳಿಸಿಕೊಂಡಿದ್ದೆ. ಆಟೋ ತರಲು ಯಜಮಾನರನ್ನು ಓಡಿಸಿದೆ. ಇವರು ಎದ್ದು ಕೂತು ಇದ್ದ ಶಕ್ತಿಯನ್ನೆಲ್ಲ ಹಾಕಿ ಮಂಚದ ಕಂಬಿ ತಬ್ಬಿಕೊಂಡರು. ಬೆರಳಿನಲ್ಲಿ ಹಿಡಿಯಲಾಗದೆ ಮೊಣಕೈಯಲ್ಲಿ ತಬ್ಬಿಕೊಂಡರು. ಆಗಲೇ ನನಗೆ ವಿಷಯ ಹೇಳಿದ್ದು.

"ಮುಂದಿನ ವಾರ ಐದನೇದು ಕಣೇ. ಅದೊಂದು ಏರಿಬಿಡ್ಲಿ, ಆಮೇಲೆ ನೀನು ಹೇಳಿದ ಕಡೆ ಬರ್ತೀನಿ. ಈಗ ಹೋದ್ರೆ ಮತ್ತೆ ಒಂದರಿಂದ. ನನ್ನ ಕೈಲಾಗಲ್ಲ ಮಾರಾಯ್ತಿ, ನಿನ್ನ ಕಾಲಿಗೆ ಬೀಳ್ತೀನಿ."

ನನಗಿಂತ ದೊಡ್ಡವರು, ನನ್ನ ಕಾಲಿಗೆ ಬೀಳ್ತೀನಿ ಅಂದರು. ನಾನು ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಗಣಿತ ಕಲಿಸಿದ ಬಾಯಲ್ಲಿ ಇಂಥ ಮಾತು ಬರುತ್ತಲ್ಲ, ಔಷಧಿ ಏನು ಸೋಮವಾರದ ವ್ರತವಾ ಅಂದೆ. ಬೈಯುತ್ತಲೇ ಇಬ್ಬರೂ ಸೇರಿ ಎತ್ತಿ ಆಟೋದಲ್ಲಿ ಕೂರಿಸಿದೆವು. ದಾರಿಯುದ್ದಕ್ಕೂ ಅವರು, ಆಟಿಕೆ ಮುರಿದುಕೊಂಡ ಮಗುವಿನ ಹಾಗೆ ನನ್ನ ಭುಜಕ್ಕೆ ತಲೆಯಿಟ್ಟು ಅಳುತ್ತಿದ್ದರು. ಐದನೆಯದು ಹೋಯಿತು ಅಂತ.

ಆಸ್ಪತ್ರೆಯಲ್ಲಿ ಡಾಕ್ಟರು ಕೈ ತಿರುಗಿಸಿ ತಿರುಗಿಸಿ ನೋಡಿದರು. ಯಾವಾಗಿನಿಂದ ಅಂತ ಕೇಳಿದರು. ಇವರು ನಡುಗುವ ತುಟಿಯಲ್ಲೇ, ನಿನ್ನೆಯಿಂದ ಅಂದರು. ಆಗ ಯಜಮಾನರು ಬಾಯಿಬಿಟ್ಟರು. ನಿನ್ನೆಯದಲ್ಲ ಸಾರ್, ಮೂರನೆಯದು ಆದಾಗಿನಿಂದ ಅಂದರು. ಅಂದು ಎದೆಯ ಮೇಲಿನ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು.

ಅವರನ್ನು ಒಳಗೆ ಐ.ಸಿ.ಯು.ಗೆ ಸೇರಿಸಿದ ಮೇಲೆ ಡಾಕ್ಟರು ನಮ್ಮಿಬ್ಬರನ್ನು ಕರೆದರು. ಔಷಧಿ ಏರಿದ ಎರಡನೆಯ ವಾರ ರಕ್ತದಲ್ಲಿ ರೋಗದ ಜೊತೆ ಹೋರಾಡುವ ಬಿಳಿ ಕಣಗಳು ಇಳಿದಿರುತ್ತವೆ, ಆ ಹೊತ್ತಿನಲ್ಲಿ ಕೀವು ರಕ್ತಕ್ಕೆ ಸೇರಿದೆ, ಕಷ್ಟವಿದೆ ಅಂದರು. ಮನುಷ್ಯ ಒಳ್ಳೆಯವರು, ಸಿಟ್ಟು ತೋರಿಸಲಿಲ್ಲ. ಈ ಔಷಧಿಗೆ ಉಗುರು ಕಪ್ಪಾಗೋದು, ಎದ್ದು ಬರೋದು ಮಾಮೂಲಿ, ಎಷ್ಟೋ ಜನಕ್ಕೆ ಆಗುತ್ತೆ, ತೋರಿಸಿದ್ದರೆ ಮಾತ್ರೆ ಮುಲಾಮಿನಲ್ಲೇ ಹೋಗ್ತಿತ್ತು, ಜಾಸ್ತಿ ಅನ್ನಿಸಿದ್ದರೆ ನಾಲ್ಕನೆಯದನ್ನು ಒಂದು ವಾರ ತಡ ಮಾಡ್ತಿದ್ದೆವು ಅಂದರು. ನಾನು ತಡೆಯಲಾರದೆ ಕೇಳಿದೆ, ತಡ ಮಾಡಿದರೆ ಮತ್ತೆ ಒಂದರಿಂದ ಶುರು ಮಾಡಬೇಕಾ ಅಂತ.

"ಯಾರು ಹೇಳಿದ್ದು ನಿಮಗೆ? ಮೂರು ಆಗಿದ್ರೆ ಮೂರು ಆದಂಗೇ. ಒಂದು ವಾರ ಬಿಟ್ಟು ನಾಲ್ಕನೇದು, ಅಷ್ಟೇ."

ಆ ಹೊಳೆಹೊನ್ನೂರು ಹೆಂಗಸಿನ ವಿಷಯ ಹೇಳಿದೆ. ಅವರಿಗೆ ಮೊದಲಿನ ಔಷಧಿ ಹಿಡಿಯದೆ ಬೇರೆಯದೇ ಔಷಧಿಗೆ ಬದಲಾಯಿಸಿರಬಹುದು, ಅದಕ್ಕೆ ಒಂದನೆಯದು ಅಂದಿರಬೇಕು, ಅದೇ ಬೇರೆ ಇದೇ ಬೇರೆ ಅಂದರು ಡಾಕ್ಟರು. ಯಜಮಾನರು ನನ್ನ ಮುಖ ನೋಡಿದರು. ಒಂದು ವಾರ ಅಂತೆ ಟೀಚರ್, ಬರೀ ಒಂದು ವಾರ ಅಂತೆ ಅಂದರು. ಆಮೇಲೆ ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಯಾರು ಬಂದರೂ ಅವರು ಹೇಳಿದ್ದು ಅದೊಂದೇ ಮಾತು. ಬಂದವರಿಗೆ ಅರ್ಥವಾಗುತ್ತಿರಲಿಲ್ಲ, ತಲೆಯಾಡಿಸಿ ಹೋಗುತ್ತಿದ್ದರು.

ನನಗೆ ನಮ್ಮ ಮೇಡಂ ಮೇಲೆ ಎಷ್ಟು ಸಿಟ್ಟು ಅಂದರೆ, ಇಷ್ಟು ವರ್ಷ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವಳಿಗೆ ಒಂದು ಮಾತು ಹೇಳಬಾರದಿತ್ತಾ? ಮಕ್ಕಳು ತಪ್ಪು ಮಾಡಿದರೆ ಮೂರು ಭಾಷೆಯಲ್ಲಿ ಕೂಗುತ್ತಿದ್ದವರು ತಮ್ಮ ಲೆಕ್ಕ ಸರಿಯೋ ತಪ್ಪೋ ಅಂತ ಒಬ್ಬರನ್ನೂ ಕೇಳಲಿಲ್ಲ. ಸಿಟ್ಟು ಮಾಡಿಕೊಂಡು ಏನು ಮಾಡಲಿ, ರಾತ್ರಿ ಮಲಗಿದರೆ ಆ ಮೂರು ನಿಂಬೆಹಣ್ಣೇ ಕಣ್ಣ ಮುಂದೆ ಬರುತ್ತೆ. ನಮ್ಮ ಮನೆಯಲ್ಲಿ ಈಗ ನಿಂಬೆಹಣ್ಣು ಹೆಚ್ಚೋದು ನಮ್ಮವರೇ.

ಅವರನ್ನು ಮಣ್ಣು ಮಾಡುವ ದಿನ, ಅವರಲ್ಲಿಯ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಸಿರು ಸೀರೆ ಉಡಿಸಿದ್ದರು. ಎಡ ಅಂಗೈಯಲ್ಲಿ ಲಿಂಗ ಇಟ್ಟು ಪೂಜೆ ಮಾಡಬೇಕು ಅಂತ ಬಂದಿದ್ದ ಅಯ್ಯನವರು ಬ್ಯಾಂಡೇಜು ಬಿಚ್ಚಿಸಿದರು. ಭದ್ರಾವತಿಯಿಂದ ಎರಡು ವ್ಯಾನು ತುಂಬ ಹಳೆಯ ವಿದ್ಯಾರ್ಥಿಗಳು ಬಂದಿದ್ದರು. ಅಷ್ಟು ದಿನ ಗೋರಂಟಿಯಲ್ಲಿ, ಶಾಲಿನಲ್ಲಿ, ಕಂಬಳಿಯಲ್ಲಿ ಮುಚ್ಚಿಟ್ಟಿದ್ದ ಬೆರಳುಗಳನ್ನು ಎಲ್ಲರೂ ನೋಡಿದರು. ನಾನು ಎದ್ದು ಹೋಗಿ ಸೆರಗು ಎಳೆದು ಹೊದಿಸಿದೆ, ಲಿಂಗ ಕಾಣುವಷ್ಟು ಬಿಟ್ಟು. ಯಾರೂ ಬೇಡ ಅನ್ನಲಿಲ್ಲ.

ಆದರೆ ನನ್ನನ್ನು ಬಿಡದೆ ಕಾಡೋದು ಅದಕ್ಕೂ ಮುಂಚಿನ ದಿನದ ಸಂಜೆ. ಐ.ಸಿ.ಯು. ಒಳಗೆ ಯಜಮಾನರನ್ನೂ ನನ್ನನ್ನೂ ಒಟ್ಟಿಗೆ ಬಿಟ್ಟಿದ್ದರು. ಹಾಗೆ ಬಿಟ್ಟರೆ ಏನರ್ಥ ಅಂತ ನಮಗೆ ಗೊತ್ತಿತ್ತು. ಜ್ವರದ ಮಂಪರಿನಲ್ಲಿ ಅವರಿಗೆ ದಿನ, ವಾರ ಯಾವುದೂ ನೆನಪಿರಲಿಲ್ಲ. ಎರಡೂ ಕೈ ಬಿಳಿ ಬಟ್ಟೆಯಲ್ಲಿ ಸುತ್ತಿದ್ದವು. ನರ್ಸು ಬಂದು ಖಾಲಿಯಾದ ಆಂಟಿಬಯಾಟಿಕ್ ಬಾಟಲಿ ತೆಗೆದು ಹೊಸದು ನೇತುಹಾಕಿದಳು. ಅವರು ಕಣ್ಣು ಬಿಟ್ಟು ಆ ಬಾಟಲಿಯನ್ನೇ ನೋಡಿದರು. ಮುಖದಲ್ಲಿ ಏನೋ ಹಗುರವಾಯಿತು.

"ಐದನೇದಾ ರೀ?" ಅಂತ ಕೇಳಿದರು.

ಯಜಮಾನರು ನನ್ನ ಕಡೆ ತಿರುಗಿದರು. ಸುಳ್ಳು ಆಡಿ ಗೊತ್ತಿಲ್ಲದ ಆ ಮನುಷ್ಯ ಹೆಂಡತಿಯ ಬೋಳು ತಲೆಯ ಮೇಲೆ ಕೈಯಿಟ್ಟರು.

"ಹೂಂ ಕಣೆ. ಐದನೇದೇ ಏರ್ತಿರೋದು. ಒಂದೂ ತಪ್ಪಿಲ್ಲ."

ಅವರು ಬಟ್ಟೆ ಸುತ್ತಿದ ಬಲಗೈಯನ್ನು ಹಾಸಿಗೆಯ ಮೇಲೆ ನಮ್ಮ ಕಡೆ ಸರಿಸಿ, ನಮಗೇ ಧೈರ್ಯ ಹೇಳುವವರ ಹಾಗೆ ಅಂದರು:

"ಇನ್ನೊಂದೇ ತಾನೆ. ತಡ್ಕೋತೀನಿ ಬಿಡಿ."